ರೈಸ್, ರೇಜ್, ಲಿಫ್ಟ್, ಹಾಯ್ಸ್ಟ್: ಕ್ರೇನ್ ಬೋರ್ಡಿನ ಮೇಲೆ ಯಾವುದು ಬರೆಯಬೇಕು?

ಪೀಣ್ಯ_ಸ್ಟೋರ್ಸ್
ನಮಸ್ಕಾರ ಎಲ್ಲರಿಗೂ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಶೆಡ್ಡಿನೊಳಗೆ 5 ಟನ್ನಿನ ಇಒಟಿ ಕ್ರೇನ್ ಇದೆ, ಅಂದರೆ ಮೇಲೆ ಹಳಿಯ ಮೇಲೆ ಓಡುವ ಕರೆಂಟ್ ಕ್ರೇನ್. ಪಕ್ಕದ ಕಂಬಕ್ಕೆ ಒಂದು ಹಳದಿ ಬೋರ್ಡು ಹೊಡೆದಿದ್ದಾರೆ, ನಾನು ಕೆಲಸಕ್ಕೆ ಸೇರುವ ಮುಂಚಿನದು. "ಡು ನಾಟ್ ರೈಸ್ ದಿ ಲೋಡ್ ವೆನ್ ಮೆನ್ ಆರ್ ಬಿಲೋ" ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಮೊನ್ನೆ ಆಡಿಟ್‌ಗೆ ಬಂದವರು "ಇಂಗ್ಲಿಷ್ ಸರಿಮಾಡಿ" ಅಂತ ಒಂದು ಸಾಲು ಗೀಚಿ ಹೋದರು. ಏನು ತಪ್ಪು ಅಂತ ಬಾಯಿ ಬಿಡಲಿಲ್ಲ.

ಈಗ ಒಬ್ಬೊಬ್ಬರದು ಒಂದೊಂದು ರಾಗ. ಎಚ್‌ಆರ್ ಮೇಡಂ "ರೇಜ್" ಅನ್ನುತ್ತಾರೆ. ಮೇಂಟೆನೆನ್ಸ್ ಫೋರ್‌ಮನ್ "ಲಿಫ್ಟ್" ಅನ್ನುತ್ತಾರೆ. ಕ್ರೇನ್ ಓಡಿಸುವ ಹುಡುಗ ಕೈಯಲ್ಲಿರುವ ಪೆಂಡೆಂಟ್ (ತೂಗುಬಿಟ್ಟ ಬಟನ್ ಪೆಟ್ಟಿಗೆ) ತೋರಿಸಿ "ಇಲ್ಲೇ ಹಾಯ್ಸ್ಟ್ ಅಂತ ಇದೆಯಲ್ಲ ಸಾರ್" ಅನ್ನುತ್ತಾನೆ. ಕನ್ನಡದಲ್ಲಾದರೆ ಎತ್ತಬೇಡಿ ಅಂದರೆ ಮುಗೀತು. ಇಂಗ್ಲಿಷಿನಲ್ಲಿ ಮೇಲೆ ಹೋಗುವುದಕ್ಕೆ ಇಷ್ಟೊಂದು ಪದ ಯಾಕೆ ಮಾರಾಯ್ರೇ? ಯಾವುದನ್ನ ಎಲ್ಲಿ ಬಳಸಬೇಕು? ತಿಳಿದವರು ಹೇಳಿ. ಬೋರ್ಡಿನವನಿಗೆ ಶನಿವಾರದೊಳಗೆ ಮ್ಯಾಟರ್ ಕೊಡಬೇಕು.

ಸುಮ್ನೆ_ಓದುವವ
ರೈಸ್ ಬೇಡ ಅಂದರೆ ಮುದ್ದೆ ಹಾಕಿಸಿ.

ಹಾಸನದ_ಮೇಷ್ಟ್ರು
ತಮಾಷೆ ಇರಲಿ, ತಪ್ಪು ಇರುವುದು ಆ ರೈಸ್ ಪದದಲ್ಲೇ. ರೈಸ್ ಅಂದರೆ ತಾನೇ ಏಳುವುದು, ತಾನೇ ಏರುವುದು. ರೇಜ್ ಅಂದರೆ ಇನ್ನೊಂದನ್ನು ಏರಿಸುವುದು. ಹೊಗೆ ರೈಸ್ ಆಗುತ್ತದೆ, ಬೆಲೆ ರೈಸ್ ಆಗುತ್ತದೆ, ನೀವು ಕುರ್ಚಿಯಿಂದ ರೈಸ್ ಆಗುತ್ತೀರಿ. ಆದರೆ ಕೈಯನ್ನು ರೇಜ್ ಮಾಡುತ್ತೀರಿ, ಬಾಡಿಗೆಯನ್ನು ಮಾಲೀಕ ರೇಜ್ ಮಾಡುತ್ತಾನೆ. ಲೋಡು ಪಾಪ ತಾನಾಗಿ ಏಳುವುದಿಲ್ಲ, ಯಾರೋ ಬಟನ್ ಒತ್ತಬೇಕು. ಹಾಗಾಗಿ ರೇಜ್.

ಕನ್ನಡದವರಿಗೆ ಇದು ಕಷ್ಟವೇ ಆಗಬಾರದು. ಏಳು, ಎಬ್ಬಿಸು. ಏರು, ಏರಿಸು. ಹತ್ತು, ಹತ್ತಿಸು. ಎರಡನೆಯದಕ್ಕೆ "ಯಾರನ್ನು, ಯಾವುದನ್ನು" ಅಂತ ಕೇಳಿದರೆ ಉತ್ತರ ಬರಬೇಕು. "ಮಗು ಎದ್ದಿತು", "ಮಗುವನ್ನು ಎಬ್ಬಿಸಿದರು". ಯಾವ ಹಳ್ಳಿ ಹುಡುಗನೂ "ಮಗುವನ್ನು ಎದ್ದರು" ಅನ್ನುವುದಿಲ್ಲ. ಆದರೆ ಇಂಗ್ಲಿಷ್ ಪೇಪರಿನಲ್ಲಿ ಅದೇ ಹುಡುಗ ಸೂರ್ಯನನ್ನು ರೇಜ್ ಮಾಡಿಸುತ್ತಾನೆ, ಧ್ವಜವನ್ನು ರೈಸ್ ಮಾಡುತ್ತಾನೆ. ನಮಗೆ "ಇಸು" ಅಂತ ಒಂದು ಬಾಲ ಇದೆ, ಯಾವ ಕ್ರಿಯಾಪದಕ್ಕೆ ಬೇಕಾದರೂ ಅಂಟಿಸಬಹುದು. ಇಂಗ್ಲಿಷಿನಲ್ಲಿ ಅಂಥದ್ದು ಹಿಂದೆ ಇತ್ತು, ಈಗ ಸತ್ತುಹೋಗಿದೆ, ಕೆಲವು ಜೋಡಿಗಳು ಮಾತ್ರ ಉಳಿದಿವೆ. ಸಿಟ್–ಸೆಟ್, ಲೈ–ಲೇ, ಫಾಲ್–ಫೆಲ್. ಮರ ಬಿದ್ದರೆ ಫಾಲ್, ಕಡಿದು ಬೀಳಿಸಿದರೆ ಫೆಲ್. ಡ್ರಿಂಕ್–ಡ್ರೆಂಚ್ ಕೂಡ ಇದೇ ಜಾತಿ, ಕುಡಿ ಮತ್ತು ಕುಡಿಸು. ಈಗ ಡ್ರೆಂಚ್ ಅಂದರೆ ತೊಯ್ಯಿಸುವುದು ಆಗಿದೆ, ಆದರೂ ದನಕ್ಕೆ ಗೊಟ್ಟದಲ್ಲಿ ಔಷಧಿ ಕುಡಿಸುವುದಕ್ಕೆ ಪಶುವೈದ್ಯರು ಇವತ್ತಿಗೂ ಡ್ರೆಂಚಿಂಗ್ ಅನ್ನುತ್ತಾರೆ.

ರೂಪಗಳು ಗಟ್ಟಿ ಮಾಡಿಕೊಳ್ಳಿ: ರೈಸ್, ರೋಸ್, ರಿಸನ್. ರೇಜ್, ರೇಜ್ಡ್, ರೇಜ್ಡ್.

ಕೋಡ್_ಕುಮಾರ
ನಮ್ಮ ಆಫೀಸಿನಲ್ಲಿ ದಿನಾ "ಟಿಕೆಟ್ ರೈಸ್ ಮಾಡಿದ್ದೀನಿ", "ಇನ್‌ವಾಯ್ಸ್ ರೈಸ್ ಮಾಡಿ". ಟಿಕೆಟ್ ಬೇಯುತ್ತಾ ಕೂತಿರುತ್ತದೆ, ಯಾರೂ ಬಡಿಸುವುದಿಲ್ಲ.

ನಿರ್ಮಲಾ_ತುಮಕೂರು
ಮೇಷ್ಟ್ರೇ, ಅರ್ಧ ಗೊಂದಲ ಬರವಣಿಗೆಯದ್ದು ಅಲ್ವಾ? ಕನ್ನಡದಲ್ಲಿ ಆ ಕೊನೆಯ ಜ಼ೆಡ್ ಶಬ್ದಕ್ಕೆ ಸರಿಯಾದ ಅಕ್ಷರವೇ ಇಲ್ಲ. ಸೂರ್ಯ ಏಳುವುದೂ ರೈಸ್, ಅನ್ನವೂ ರೈಸ್. ಎತ್ತುವುದು ರೇಜ್, ಸಿಟ್ಟಿಗೂ ರೇಜ್, ಓಟದ ಪಂದ್ಯ ರೇಸ್. ಮಗಳಿಗೆ ಹೇಳಿಕೊಡುವಾಗ ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ, ಇಂಗ್ಲಿಷಿನಲ್ಲೇ ಬರೆದು ತೋರಿಸಬೇಕು.

ಮೆಕ್ಯಾನಿಕ್_ಮಂಡ್ಯ
ರೇಸ್ ಅಂದಾಗ ನೆನಪಾಯಿತು. ಗ್ಯಾರೇಜಿನಲ್ಲಿ "ಸ್ವಲ್ಪ ರೇಸ್ ಕೊಡಿ ಸಾರ್" ಅನ್ನುತ್ತೇವಲ್ಲ, ಅದು ಆಕ್ಸಿಲರೇಟರ್ ಮೇಲಕ್ಕೆ ಎತ್ತುವ ರೇಜೋ, ಪಂದ್ಯದ ರೇಸೋ?

ಲೀಡ್ಸ್_ಗೌಡ
ಪಂದ್ಯದ್ದೇ. ಇಂಜಿನ್ನನ್ನು ಲೋಡ್ ಇಲ್ಲದೆ ಜೋರಾಗಿ ತಿರುಗಿಸುವುದಕ್ಕೆ ಇಂಗ್ಲಿಷಿನಲ್ಲೇ "ರೇಸ್ ದಿ ಇಂಜಿನ್" ಅನ್ನುವ ಮಾತಿದೆ. ನಮ್ಮ ಮೆಕ್ಯಾನಿಕ್‌ಗಳು ಸರಿಯಾಗೇ ಹೇಳುತ್ತಿದ್ದಾರೆ.

ಮೆಕ್ಯಾನಿಕ್_ಮಂಡ್ಯ
ನೋಡಿ! ಎಚ್‌ಆರ್ ಮೇಡಂಗಿಂತ ನಾವೇ ವಾಸಿ.

ಶಬ್ದದ_ಹುಚ್ಚ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಬಾಲ ಸೇರಿಸುತ್ತೇನೆ. ರೈಸ್ ಇಂಗ್ಲಿಷಿನ ಸ್ವಂತ ಪದ. ಅದಕ್ಕೆ ಸ್ವಂತದ "ಏರಿಸು" ರೂಪವೂ ಇತ್ತು, ಅದೇ ರಿಯರ್. ಆಮೇಲೆ ವೈಕಿಂಗರು ಹಡಗಿನಲ್ಲಿ ಬಂದು ಇಂಗ್ಲೆಂಡಿನ ಪೂರ್ವ, ಉತ್ತರ ಭಾಗದಲ್ಲಿ ನೆಲೆ ಊರಿದರು. ಅವರ ಭಾಷೆಯಲ್ಲಿ ಅದೇ ಪದ "ರೈಸಾ" ಅಂತ ಇತ್ತು. ಅದು ರೇಜ್ ಆಗಿ ಮನೆಯೊಳಗೆ ಬಂತು, ಮನೆಯ ಹಳೇ ರಿಯರ್ ಮೂಲೆಗೆ ಸೇರಿತು. ಈಗ ರಿಯರ್ ಉಳಿದಿರುವುದು ಮಕ್ಕಳು, ದನಕರು ಸಾಕುವ ಜಾಗದಲ್ಲಿ, ಮತ್ತೆ ಕುದುರೆ ಮುಂಗಾಲೆತ್ತಿ ನಿಲ್ಲುವುದಕ್ಕೆ.

ರಾಮನಗರ, ಚಿಕ್ಕಬಳ್ಳಾಪುರ ಕಡೆಯವರು ಇದನ್ನು ದಿನಾ ಕೇಳುತ್ತಾರೆ. ರೇಷ್ಮೆ ಹುಳು ಸಾಕುವ ಮನೆಗೆ "ರಿಯರಿಂಗ್ ಹೌಸ್" ಅಂತಲೇ ಇಲಾಖೆಯ ಅರ್ಜಿಯಲ್ಲಿ ಬರೆದಿರುತ್ತಾರೆ. ಆ ರಿಯರ್ ಮತ್ತು ನಿಮ್ಮ ಕ್ರೇನಿನ ರೇಜ್ ಒಂದೇ ಬೇರಿನವು.

ಲಿಫ್ಟ್ ಕೂಡ ವೈಕಿಂಗರು ತಂದದ್ದೇ. ಮೂಲದಲ್ಲಿ "ಗಾಳಿಗೆ ಎತ್ತು" ಅನ್ನುವ ಅರ್ಥ. ಗಾಳಿ, ಆಕಾಶ ಅನ್ನುವುದಕ್ಕೆ ಅವರು ಲೋಪ್ಟ್ ಅನ್ನುತ್ತಿದ್ದರು. ಜರ್ಮನ್ನಿನಲ್ಲಿ ಲುಫ್ಟ್ ಅಂದರೆ ಈಗಲೂ ಗಾಳಿ, ಲುಫ್ತಾನ್ಸಾ ವಿಮಾನ ನೆನಪಿಸಿಕೊಳ್ಳಿ. ಮನೆಯ ಮೇಲ್ಭಾಗದ ಲಾಫ್ಟ್ ಕೂಡ ಇದೇ ಸಂಸಾರ.

ನಿರ್ಮಲಾ_ತುಮಕೂರು
ಅಯ್ಯೋ, ಅಡುಗೆಮನೆ ಲಾಫ್ಟಾ! ನಮ್ಮ ಮನೆಯಲ್ಲಿ ಹಳೇ ಹಿತ್ತಾಳೆ ಹಂಡೆ ಅಲ್ಲೇ ಕೂತಿದೆ. ಎತ್ತಿ ಇಟ್ಟವರು ಯಾರೋ, ಇಳಿಸುವವರು ಯಾರೂ ಇಲ್ಲ.

ಧಾರವಾಡ_ಫೇಡೆ
ಅಟ್ಟ ಅಂತ ಚಂದದ ಪದ ಇದ್ದರೂ ಲಾಫ್ಟ್ ಅನ್ನುತ್ತೀರಲ್ರೀ. ಹೊಗಳಿ ಅಟ್ಟಕ್ಕೇರಿಸುತ್ತೇವೆ, ಲಾಫ್ಟಿಗೆ ಏರಿಸಿದ್ದು ಯಾರೂ ಕೇಳಿಲ್ಲ.

ಪೀಣ್ಯ_ಸ್ಟೋರ್ಸ್
ಮೇಷ್ಟ್ರೇ, ಶಬ್ದದ ಹುಚ್ಚರೇ, ಧನ್ಯವಾದ. ರೈಸ್ ತಪ್ಪು ಅಂತ ಖಾತ್ರಿಯಾಯಿತು. ಆದರೆ ರೇಜಾ, ಲಿಫ್ಟಾ, ಹಾಯ್ಸ್ಟಾ ಅನ್ನೋದು ಇನ್ನೂ ಬಾಕಿ ಇದೆ.

ಹಾಸನದ_ಮೇಷ್ಟ್ರು
ರೇಜ್, ಲಿಫ್ಟ್ ಎರಡೂ ನಡೆಯುತ್ತದೆ. ಎರಡಕ್ಕೂ ಕರ್ಮಪದ ಬೇಕು. ಲಿಫ್ಟ್ ಯಾವತ್ತೂ ತಾನಾಗಿ ಆಗುವುದಿಲ್ಲ, ಇದನ್ನ ನಿಯಮ ಅಂತಲೇ ಇಟ್ಟುಕೊಳ್ಳಿ.

ಲೀಡ್ಸ್_ಗೌಡ
ಯಾವತ್ತೂ ಅನ್ನಬೇಡಿ ಸಾರ್. ಇಲ್ಲಿ ಬೆಳಿಗ್ಗೆ ಮಂಜು ಕರಗಿದರೆ "ದಿ ಫಾಗ್ ಹ್ಯಾಸ್ ಲಿಫ್ಟೆಡ್" ಅನ್ನುತ್ತಾರೆ. ಯಾರೂ ಎತ್ತಿಲ್ಲ, ತಾನೇ ಎದ್ದು ಹೋಯಿತು. ರಾಕೆಟ್ಟೂ ತಾನೇ "ಲಿಫ್ಟ್ ಆಫ್" ಆಗುತ್ತದೆ. ಮನಸ್ಸು ಹಗುರವಾದರೂ ಲಿಫ್ಟ್ ಆಯಿತು ಅನ್ನುವುದುಂಟು.

ಹಾಸನದ_ಮೇಷ್ಟ್ರು
ಪೀಣ್ಯದ ಶೆಡ್ಡಿನಲ್ಲಿ ಮಂಜೂ ಇಲ್ಲ, ರಾಕೆಟ್ಟೂ ಇಲ್ಲ. ಪರೀಕ್ಷೆ ಬರೆಯುವ ಹುಡುಗರಿಗೆ ಮೊದಲು ನಿಯಮ, ಆಮೇಲೆ ಅಪವಾದ.

ಲೀಡ್ಸ್_ಗೌಡ
ಹಾಗೆ ಹೇಳಿಕೊಟ್ಟೇ ನಾವು ಇಲ್ಲಿಗೆ ಬಂದಾಗ ತಬ್ಬಿಬ್ಬಾಗುವುದು ಸಾರ್. ಅಪವಾದ ಹೇಳುವ ಹೊತ್ತಿಗೆ ಪಿರಿಯಡ್ ಮುಗಿದಿರುತ್ತದೆ.

ಕ್ರೇನ್_ಕರಾವಳಿ
ಸ್ವಲ್ಪ ಜಾಗ ಬಿಡಿ, ಇದು ನನ್ನ ಕಸುಬು. ಮಂಗಳೂರು ಕಡೆಯವನು, ಗಲ್ಫ್‌ನಲ್ಲೂ ಸೈಟಿನಲ್ಲಿ ರಿಗ್ಗಿಂಗ್, ಅಂದರೆ ಎತ್ತುವ ಭಾರಕ್ಕೆ ಹಗ್ಗ, ಚೈನು ಕಟ್ಟುವ ಕೆಲಸ, ಮಾಡಿದ್ದೇನೆ.

ಹಾಯ್ಸ್ಟ್ ಅಂದರೆ ಹಗ್ಗ, ಚೈನು, ವೈರ್ ರೋಪಿನಿಂದ ಮೇಲಿನಿಂದ ಎಳೆದು ಎತ್ತುವುದು. ಧ್ವಜ ಹಾಯ್ಸ್ಟ್ ಮಾಡುತ್ತಾರೆ, ಹಡಗಿನ ಹಾಯಿ ಹಾಯ್ಸ್ಟ್ ಮಾಡುತ್ತಾರೆ, ಕ್ರೇನಿನಲ್ಲಿ ಹಾಯ್ಸ್ಟ್ ಮಾಡುತ್ತಾರೆ. ಇಒಟಿ ಪೆಂಡೆಂಟಿನಲ್ಲಿ ನೋಡಿ, ಮೂರು ಜೊತೆ ಬಟನ್ ಇರುತ್ತದೆ. ಒಂದು ಜೊತೆ ಹಾಯ್ಸ್ಟ್, ಅಂದರೆ ಕೊಕ್ಕೆ ಮೇಲೆ ಕೆಳಗೆ. ಇನ್ನೊಂದು ಸಿಟಿ, ಕ್ರಾಸ್ ಟ್ರಾವೆಲ್, ಟ್ರಾಲಿ ಅಡ್ಡ ಓಡುವುದು. ಮತ್ತೊಂದು ಎಲ್‌ಟಿ, ಲಾಂಗ್ ಟ್ರಾವೆಲ್, ಇಡೀ ಕ್ರೇನ್ ಹಳಿ ಮೇಲೆ ಉದ್ದಕ್ಕೆ ಓಡುವುದು. ಜಾಸ್ತಿ ಬಳಸುವ ಬಟನ್ನಿನ ಅಕ್ಷರ ಮೊದಲು ಅಳಿಸಿಹೋಗುತ್ತದೆ. ಆಪರೇಟರ್ ಪೇಂಟಿನಿಂದ ಬಾಣ ಬರೆದುಕೊಂಡಿರುತ್ತಾನೆ.

ಜಾಕ್ ಕೆಳಗಿನಿಂದ ಒತ್ತಿ ಎತ್ತುವುದು. ಫೋರ್ಕ್‌ಲಿಫ್ಟಿನಲ್ಲಿ ಲೋಡು "ಲಿಫ್ಟ್", ಆದರೆ ಫೋರ್ಕಿನ ಎತ್ತರ ಬದಲಾಯಿಸುವುದಕ್ಕೆ "ರೇಜ್" ಮತ್ತು "ಲೋವರ್". ಭಾರ ನೆಲ ಬಿಟ್ಟರೆ ಲಿಫ್ಟ್, ಇರುವ ಮಟ್ಟ ಮೇಲಾದರೆ ರೇಜ್ ಅಂತ ನಾನು ಲೆಕ್ಕ ಹಾಕುತ್ತೇನೆ. ಹೀವ್ ಅಂದರೆ ಮೈಬಲ ಹಾಕಿ ಉಸಿರು ಬಿಗಿಹಿಡಿದು ನೂಕಿ ಎತ್ತುವುದು, ನಮ್ಮ "ಐಸಾ" ಕೂಗಿನ ಕೆಲಸ.

ಇನ್ನು ಬೋರ್ಡಿನ ವಿಷಯ. ಆ ವಾಕ್ಯವೇ ಬೇಡ. ಆಪರೇಟರ್ ಎತ್ತುವಾಗ ಕೆಳಗೆ ಯಾರೂ ಇರಲಿಲ್ಲ, ಎತ್ತಿದ ಮೇಲೆ ಯಾರೋ ನುಗ್ಗಿದರೆ? ಅಪಾಯ ಇರುವುದು ತೂಗುತ್ತಿರುವ ಲೋಡಿನ ಕೆಳಗೆ. ಎಲ್ಲ ಸೈಟಿನಲ್ಲೂ ಹಾಕುವುದು "ಡು ನಾಟ್ ಸ್ಟ್ಯಾಂಡ್ ಅಂಡರ್ ಸಸ್ಪೆಂಡೆಡ್ ಲೋಡ್". ರೈಸೂ ಬೇಡ ರೇಜೂ ಬೇಡ. ಜೊತೆಗೆ ಕ್ರೇನಿನ ಗರ್ಡರ್ ಮೇಲೆ ಎಸ್‌ಡಬ್ಲ್ಯುಎಲ್ (ಸುರಕ್ಷಿತವಾಗಿ ಎತ್ತಬಹುದಾದ ಭಾರ) 5 ಟನ್ ಅಂತ ದೊಡ್ಡದಾಗಿ ಕಾಣುತ್ತಾ ನೋಡಿ, ಆಡಿಟ್‌ನವರು ಮುಂದಿನ ಸಲ ಅದನ್ನೇ ಹಿಡಿಯುತ್ತಾರೆ.

ಪೀಣ್ಯ_ಸ್ಟೋರ್ಸ್
ಅಣ್ಣಾ, ಇದಪ್ಪಾ ಉತ್ತರ ಅಂದರೆ. ಗರ್ಡರ್ ಮೇಲೆ ಬರೆದಿದೆ, ಧೂಳು ಹಿಡಿದು ಕಾಣುವುದಿಲ್ಲ. ನಾಳೆ ಒರೆಸಿಸುತ್ತೇನೆ.

ಇನ್ನೊಂದು ಪ್ರಶ್ನೆ. ನಮ್ಮ ಹೆಲ್ಪರ್‌ಗಳು ಬಿಹಾರ, ಒಡಿಶಾದವರು. ಕ್ರೇನ್ ಹುಡುಗ ಮೇಲಕ್ಕೆ ಅನ್ನುವುದಕ್ಕೆ "ಹಬೇಸ್", ಕೆಳಕ್ಕೆ "ಆರಿಯಾ" ಅಂತ ಕೂಗುತ್ತಾನೆ. ಅದು ಇಂಗ್ಲಿಷಾ, ಹಿಂದಿಯಾ?

ಕ್ರೇನ್_ಕರಾವಳಿ
ಎರಡೂ ಅಲ್ಲ. ಹಡಗಿನ ಖಲಾಸಿಗಳ ಮಾತು, ಬಂದರಿನಿಂದ ಸೈಟಿಗೆ ಬಂದಿದೆ. ಒಂದೊಂದು ಕಡೆ ಒಂದೊಂದು ಥರ ಉಚ್ಚಾರ. ಪೋರ್ಚುಗೀಸಿನಲ್ಲಿ ಅರಿಯಾರ್ ಅಂದರೆ ಹಾಯಿಯನ್ನೋ ಧ್ವಜವನ್ನೋ ಕೆಳಗಿಳಿಸುವುದು, ಆರಿಯಾ ಕೇಳಿದಾಗೆಲ್ಲ ನನಗೆ ಅದೇ ಕಿವಿಗೆ ಬೀಳುತ್ತದೆ.

ಆದರೆ ಕೂಗನ್ನ ನಂಬಬೇಡಿ. ಗ್ರೈಂಡಿಂಗ್ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಕೈಸನ್ನೆ ಕಲಿಸಿ. ಮುಂಗೈ ನೆಟ್ಟಗೆ ನಿಲ್ಲಿಸಿ ತೋರುಬೆರಳು ಮೇಲಕ್ಕೆ ಮಾಡಿ ಸಣ್ಣ ಸುತ್ತು ತಿರುಗಿಸಿದರೆ ಹಾಯ್ಸ್ಟ್. ಕೈ ಕೆಳಗಿಳಿಸಿ ಬೆರಳು ನೆಲದ ಕಡೆ ಮಾಡಿ ಅದೇ ಥರ ತಿರುಗಿಸಿದರೆ ಲೋವರ್. ಎರಡೂ ಕೈ ಅಗಲಕ್ಕೆ ಚಾಚಿ ಹಿಂದೆ ಮುಂದೆ ಬೀಸಿದರೆ ಎಮರ್ಜೆನ್ಸಿ ಸ್ಟಾಪ್. ಸನ್ನೆ ಕೊಡುವವನು ಒಬ್ಬನೇ ಇರಬೇಕು, ಸ್ಟಾಪ್ ಮಾತ್ರ ಯಾರು ಬೇಕಾದರೂ ಕೊಡಬಹುದು.

ಮೆಕ್ಯಾನಿಕ್_ಮಂಡ್ಯ
ಸೈಟಿನಲ್ಲಿ ಕ್ರೇನ್ ಅಂತ ಯಾರು ಕರೆಯುತ್ತಾರೆ? ಹೈಡ್ರಾ ಕಳಿಸಿ ಅನ್ನುತ್ತಾರೆ. ಮಣ್ಣು ತೋಡುವುದು ಯಾವ ಕಂಪನಿಯದಾದರೂ ಜೆಸಿಬಿ, ಎತ್ತುವುದು ಹೈಡ್ರಾ. ಜಾಕ್ ಅಂತಲೂ ಅನ್ನುವುದಿಲ್ಲ, ಜಾಕಿ.

ಶಬ್ದದ_ಹುಚ್ಚ
ಜಾಕ್ ಅನ್ನುವುದು ಮನುಷ್ಯರ ಹೆಸರು ಅಂತ ಗೊತ್ತಾ? ಜಾನ್‌ಗೆ ಸಲಿಗೆಯ ಹೆಸರು. ಕೆಲಸದ ಹುಡುಗರಿಗೆಲ್ಲ ಜಾಕ್ ಅಂತ ಕರೆದು ಕರೆದು, ಕೊನೆಗೆ ಆಳಿನ ಕೆಲಸ ಮಾಡುವ ಉಪಕರಣಕ್ಕೂ ಅದೇ ಹೆಸರು ಬಂತು. ಕ್ರೇನ್ ಹಕ್ಕಿಯ ಹೆಸರು, ಉದ್ದ ಕತ್ತಿನದು. ಗ್ರೀಕರೂ ಹಕ್ಕಿಗೂ ಯಂತ್ರಕ್ಕೂ ಒಂದೇ ಪದ ಬಳಸುತ್ತಿದ್ದರು.

ಡೆರಿಕ್ ಅಂತ ಇನ್ನೊಂದು ಇದೆ, ಎಣ್ಣೆ ಬಾವಿಯ ಮೇಲೆ ನಿಲ್ಲಿಸುವ ಗೋಪುರದಂಥದ್ದು. ಅದು 1600ರ ಆಸುಪಾಸಿನಲ್ಲಿ ಲಂಡನ್ನಿನ ಟೈಬರ್ನ್‌ನಲ್ಲಿ ಜನರನ್ನು ನೇಣಿಗೆ ಹಾಕುತ್ತಿದ್ದವನ ಹೆಸರು. ಮೊದಲು ಅವನ ಹೆಸರು ನೇಣುಗಂಬಕ್ಕೆ ಬಂತು, ಆಮೇಲೆ ಹಗ್ಗ ಕಟ್ಟಿ ಭಾರ ಎತ್ತುವ ಕಂಬಕ್ಕೆ. ಸೈಟಿನಲ್ಲಿ ಡೆರಿಕ್ ಅಂತ ಕೂಗುವವರು ಇನ್ನು ಮುಂದೆ ಸ್ವಲ್ಪ ಯೋಚಿಸಿ.

ಸುಮ್ನೆ_ಓದುವವ
ರಾತ್ರಿ ಹೊತ್ತು ಇಂಥದ್ದೆಲ್ಲ ಹಾಕಬೇಡಿ ಗುರು.

ಕುಂದಾಪ್ರ_ಭಟ್ರು
ಎತ್ತುವ ಮಾತು ಬಂತು, ನಮ್ಮೂರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿಯನ್ನು ಯಾರೂ ನೆನೆಯಲಿಲ್ಲವಲ್ಲ! 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆಜಿ ವಿಭಾಗದ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿಯಲ್ಲಿ ಕಂಚು. ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎರಡೂ ಸೇರಿ ಒಟ್ಟು 269 ಕೆಜಿ ಎತ್ತಿದ್ದು.

ಅಲ್ಲಿಯ ಪದಗಳೇ ಬೇರೆ. ಸ್ನ್ಯಾಚ್ ಅಂದರೆ ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ. ಕ್ಲೀನ್ ಅಂಡ್ ಜರ್ಕ್ ಅಂದರೆ ಮೊದಲು ಹೆಗಲಿಗೆ, ಆಮೇಲೆ ಕಾಲು ಕುಪ್ಪಳಿಸಿ ತಲೆಯ ಮೇಲಕ್ಕೆ. ಕ್ಲೀನ್ ಯಾಕೆ ಅಂದರೆ ಮೈಗೆ ತಾಗಿಸದೆ ಶುದ್ಧವಾಗಿ ಹೆಗಲಿಗೆ ತರುವುದು ಅಂತ. ಹಿಂದೆ ಪ್ರೆಸ್ ಅಂತ ಮೂರನೆಯದೂ ಇತ್ತು, ಕಾಲು ಅಲ್ಲಾಡಿಸದೆ ಬರೀ ತೋಳಿನಿಂದ ಒತ್ತುವುದು. 1972ರ ಒಲಿಂಪಿಕ್ಸ್ ಆದಮೇಲೆ ತೆಗೆದುಹಾಕಿದರು. ಬೆನ್ನು ಹಿಂದಕ್ಕೆ ಬಾಗಿಸಿ ಮೋಸ ಮಾಡುವುದು ಜಾಸ್ತಿಯಾಗಿತ್ತು, ತೀರ್ಪು ಕೊಡುವುದೇ ಕಷ್ಟವಾಗಿತ್ತು.

ನಿರ್ಮಲಾ_ತುಮಕೂರು
"ಫೋನ್ ಲಿಫ್ಟ್ ಮಾಡ್ತಿಲ್ಲ" ಅನ್ನೋದು ತಪ್ಪಾ ಹಾಗಾದರೆ? ನಮ್ಮ ಮನೆಯಲ್ಲಿ ಇದೇ ಜಗಳ. ಮಗಳು ಪಿಕ್ ಅಪ್ ಅನ್ನಬೇಕಂತೆ.

ಲೀಡ್ಸ್_ಗೌಡ
ಇಲ್ಲಿ ಪಿಕ್ ಅಪ್ ಅಥವಾ ಆನ್ಸರ್ ಅನ್ನುತ್ತಾರೆ. ಲಿಫ್ಟ್ ಅಂದರೆ ಅರ್ಥವಾಗುತ್ತದೆ, ಆದರೆ ಫೋನನ್ನು ಕದ್ದರೇನೋ ಅಂತ ಒಂದು ಕ್ಷಣ ನೋಡುತ್ತಾರೆ. ಲಿಫ್ಟ್‌ಗೆ ಕದಿಯುವ ಅರ್ಥವೂ ಇದೆ, ಅಂಗಡಿಯಲ್ಲಿ ಕದಿಯುವವನು ಶಾಪ್‌ಲಿಫ್ಟರ್.

ಧಾರವಾಡ_ಫೇಡೆ
ತಪ್ಪು ಯಾಕ್ರೀ? ಫೋನ್ ಎತ್ತು ಅನ್ನುವುದು ಕನ್ನಡ, ಅದೇ ಇಂಗ್ಲಿಷಿಗೆ ಹೋಯಿತು. ನಮ್ಮ ದೇಶದಾಗ ನಮ್ಮ ಇಂಗ್ಲಿಷ್. ಬೈಕ್ ಎತ್ತಿಕೊಂಡು ಹೋದ ಅಂದರೆ ಕಳ್ಳ ಅಂತ ನಮಗೂ ಗೊತ್ತು, ಲೀಡ್ಸಿಗೆ ಹೋಗಬೇಕಾಗಿಲ್ಲ.

ನೋಡಿ, ಕನ್ನಡದ ಒಂದು "ಎತ್ತು" ಇಂಗ್ಲಿಷಿನ ಎಷ್ಟು ಪದದ ಕೆಲಸ ಮಾಡುತ್ತದೆ. ದನಿ ಎತ್ತು, ಪ್ರಶ್ನೆ ಎತ್ತು, ಸಾಲ ಎತ್ತು, ಇದಕ್ಕೆಲ್ಲ ರೇಜ್. ಗಣಪತಿಗೆ ಚಂದಾ ಎತ್ತುವುದು ಕಲೆಕ್ಟ್. ಚೀಟಿ ಎತ್ತುವುದಕ್ಕೆ ಏನಂತಾರೋ ಅವರಿಗೇ ಗೊತ್ತು. ಆರತಿ ಎತ್ತುವುದಕ್ಕೂ ಹಾಗೆ. ಒಂದು ವಿದ್ಯೆಯಲ್ಲಿ ಪಳಗಿದವರು ಎತ್ತಿದ ಕೈ. ಅಧಿಕಾರಿಯನ್ನು ರಾತ್ರೋರಾತ್ರಿ ಬೇರೆ ಊರಿಗೆ ಹಾಕಿದರೆ ಎತ್ತಂಗಡಿ. ಮತ್ತೆ ನೇಗಿಲು ಎಳೆಯುವುದೂ ಎತ್ತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುವಂಗ ನೀವೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ಎಳೆಯಾಕತ್ತೀರಿ.

ಕೋಡ್_ಕುಮಾರ
ಏಳು, ಹತ್ತು ಎರಡೂ ಮೇಲೆ ಹೋಗುವ ಕ್ರಿಯೆ, ಎರಡೂ ಸಂಖ್ಯೆ. ಕನ್ನಡ ಕಲಿಯುವ ಟೀಮ್‌ಮೇಟ್‌ಗೆ "ಹತ್ತು" ಅಂತ ಬಸ್ಸಿನ ಬಾಗಿಲಲ್ಲಿ ಹೇಳಿದೆ, ಹತ್ತು ರೂಪಾಯಿ ಕೊಟ್ಟ.

ರೈತನ_ಮಗ_ಮುಂಡರಗಿ
ಇಲ್ಲಿ ಒಂದು ಮುಖ್ಯ ಲಿಫ್ಟ್ ಬಿಟ್ಟಿದ್ದೀರಿ. ಲಿಫ್ಟ್ ಇರಿಗೇಷನ್. ನಮ್ಮದು ಸಿಂಗಟಾಲೂರು ಏತ ನೀರಾವರಿ, ತುಂಗಭದ್ರೆಯಿಂದ ನೀರೆತ್ತುವುದು. ಕಾಲುವೆ ನೀರಾವರಿಯಲ್ಲಿ ನೀರು ಇಳಿಜಾರಿಗೆ ತಾನೇ ಹರಿಯುತ್ತದೆ. ಹೊಲ ನದಿಗಿಂತ ಎತ್ತರದಲ್ಲಿದ್ದರೆ ಪಂಪಿಟ್ಟು ಎತ್ತಲೇಬೇಕು, ಕರೆಂಟ್ ಹೋದರೆ ನೀರೂ ಹೋಯಿತು.

ಏತ ಅನ್ನುವ ಪದ ಹಳೆಯದು. ಉದ್ದನೆ ಮರದ ತೊಲೆ, ಒಂದು ತುದಿಗೆ ಬಾವಿಗಿಳಿಯುವ ಬಾನಿ, ಒಬ್ಬ ಮನುಷ್ಯ ತೊಲೆಯ ಮೇಲೆ ಹಿಂದೆ ಮುಂದೆ ನಡೆದರೆ ಬಾನಿ ಏಳುತ್ತದೆ, ಇಳಿಯುತ್ತದೆ. ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ಎಳೆಸಿದರೆ ಕಪಿಲೆ. ಸರ್ಕಾರದವರು ಲಿಫ್ಟ್‌ಗೆ ಬೇರೆ ಪದ ಹುಡುಕದೆ ಏತವನ್ನೇ ಹಿಡಿದದ್ದು ಒಳ್ಳೆಯದಾಯಿತು. ಉತ್ಥಾನ ನೀರಾವರಿ ಅಂದಿದ್ದರೆ ಯಾರಿಗೆ ತಿಳಿಯುತ್ತಿತ್ತು?

ಹಾಸನದ_ಮೇಷ್ಟ್ರು
ನೂರಕ್ಕೆ ನೂರು.

ಪತ್ರಿಕೆ_ಮನೆಯವ
ಡೆಸ್ಕಿನಲ್ಲಿ ಕೂತವರಿಗೆ ಇನ್ನೊಂದು ಹಳ್ಳ ಇದೆ. ರೇಜ್ ಅಂತಲೇ ಉಚ್ಚಾರ, ಕಾಗುಣಿತ ಬೇರೆ, ಅರ್ಥ ಪೂರ್ತಿ ಉಲ್ಟಾ. ಒಂದು ಎಬ್ಬಿಸುವುದು, ಇನ್ನೊಂದು ನೆಲಸಮ ಮಾಡುವುದು. ಏಜೆನ್ಸಿ ಸುದ್ದಿಯಲ್ಲಿ ಕಟ್ಟಡ "ರೇಜ್ಡ್" ಅಂತ ಬಂದರೆ ಕಣ್ಣಿಟ್ಟು ನೋಡಬೇಕು. ನಡುವೆ ಐ, ಎಸ್ ಇದ್ದರೆ ಕಟ್ಟಿದರು, ಬರೀ ಜ಼ೆಡ್ ಇದ್ದರೆ ಕೆಡವಿದರು. ಕಿವಿಯಲ್ಲಿ ಕೇಳಿ ಅನುವಾದ ಮಾಡಿದರೆ ಕೆಡವಿದ ಮನೆಗೆ ಗೃಹಪ್ರವೇಶ ಆಗಿಬಿಡುತ್ತದೆ.

ಮತ್ತೆ ಹೈಕ್. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಿಗೆ ಹೈಕ್ ಇಲ್ಲದೆ ಒಂದು ದಿನ ಕಳೆಯುವುದಿಲ್ಲ. ಹಾಲಿನ ದರ ಹೈಕ್, ಬಸ್ ದರ ಹೈಕ್, ಸಂಬಳ ಹೈಕ್. ನಾಲ್ಕೇ ಅಕ್ಷರ, ಹೆಡ್ಡಿಂಗಿನಲ್ಲಿ ಕೂರುತ್ತದೆ, ಅದಕ್ಕೇ ಪ್ರೀತಿ.

ಲೀಡ್ಸ್_ಗೌಡ
ಇಲ್ಲಿ ಸಂಬಳ ಜಾಸ್ತಿಯಾದರೆ "ಪೇ ರೈಸ್", ಅಮೆರಿಕದಲ್ಲಿ "ರೇಜ್". ಮೇಷ್ಟ್ರ ನಿಯಮದ ಪ್ರಕಾರ ಬ್ರಿಟಿಷ್ ಸಂಬಳ ತಾನಾಗಿ ಏಳುತ್ತದೆ, ಅಮೆರಿಕದ್ದನ್ನು ಯಾರೋ ಎಬ್ಬಿಸಬೇಕು. ನನ್ನದು ಎರಡೂ ಆಗಿಲ್ಲ.

ಮಿನಿಯಾಪೊಲಿಸ್_ಅಕ್ಕ
ಹಾಗೆಯೇ ನಿಮ್ಮ ಕಡೆ ಲಿಫ್ಟ್, ನಮ್ಮ ಕಡೆ ಎಲಿವೇಟರ್. ಇಲ್ಲಿ ಧಾನ್ಯ ತುಂಬಿಡುವ ದೊಡ್ಡ ಉಗ್ರಾಣಕ್ಕೂ ಗ್ರೇನ್ ಎಲಿವೇಟರ್ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಜೋಳಕ್ಕೂ ಲಿಫ್ಟಾ ಅನಿಸಿತ್ತು, ನಿಜವಾಗಿಯೂ ಹಾಗೆಯೇ, ಬಕೆಟ್ ಕಟ್ಟಿದ ಬೆಲ್ಟಿನಲ್ಲಿ ಕಾಳನ್ನು ಮೇಲಕ್ಕೆ ಒಯ್ದು ಸುರಿಯುತ್ತಾರೆ.

ಜನ ಹತ್ತುವ ಲಿಫ್ಟಿನ ಕಥೆಯೂ ಮಜಾ ಇದೆ. ಮೇಲೆತ್ತುವುದು ಯಾವತ್ತೂ ಸಮಸ್ಯೆಯಾಗಿರಲಿಲ್ಲ, ಹಗ್ಗ ಹರಿದರೆ ಏನು ಗತಿ ಅನ್ನುವುದೇ ಭಯ. ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ತಾನೇ ಹಲಗೆಯ ಮೇಲೆ ನಿಂತು, ಮೇಲಕ್ಕೆ ಎತ್ತಿಸಿಕೊಂಡು, ಎಲ್ಲರ ಮುಂದೆ ಹಗ್ಗ ಕಡಿಸಿದ. ಹಗ್ಗ ಸಡಿಲವಾದ ತಕ್ಷಣ ಸ್ಪ್ರಿಂಗ್ ಬಿಚ್ಚಿಕೊಂಡು ಎರಡೂ ಬದಿಯ ಹಲ್ಲುಪಟ್ಟಿಗೆ ಕಚ್ಚಿಕೊಂಡಿತು, ಹಲಗೆ ಅಲ್ಲೇ ನಿಂತಿತು. 1857ರಲ್ಲಿ ಬ್ರಾಡ್‌ವೇಯ ಒಂದು ಪಿಂಗಾಣಿ ಸಾಮಾನಿನ ಅಂಗಡಿಗೆ ಅವನ ಮೊದಲ ಪ್ಯಾಸೆಂಜರ್ ಲಿಫ್ಟ್ ಕೂತಿತು.

ಶಬ್ದದ_ಹುಚ್ಚ
ಎಲಿವೇಟರ್ ಲ್ಯಾಟಿನ್ನಿನಿಂದ. ಲೆವಿಸ್ ಅಂದರೆ ಹಗುರ. ಹಗುರ ಮಾಡುವುದೇ ಎತ್ತುವುದು ಅಂತ ಅವರ ಲೆಕ್ಕ. ಲೀವರ್ ಅದೇ, ಲೆವಿ ಅದೇ. ನಮ್ಮ ಸಂಸ್ಕೃತದ ಲಘು ಇದೆಯಲ್ಲ, ಲೆವಿಸ್‌ಗೆ ಅದು ದಾಯಾದಿ. ಇಂಗ್ಲಿಷಿನ ಹಗುರ ಅರ್ಥದ ಲೈಟ್ ಕೂಡ ಅದೇ ಮನೆತನ. ಹಾಗಾಗಿ ನಾಲ್ಕನೇ ಮಹಡಿಗೆ ಎಲಿವೇಟರಿನಲ್ಲಿ ಹೋಗಿ ಲಘು ಉಪಾಹಾರ ಮಾಡಿದರೆ ಒಂದೇ ಬೇರನ್ನು ಎರಡು ಸಲ ಬಳಸಿದ ಹಾಗೆ.

ರೈತನ_ಮಗ_ಮುಂಡರಗಿ
ಲೆವಿ ಅಂದರೆ ಎತ್ತುವುದಾ? ಸರಿಯಾಗೇ ಇದೆ. ಅಜ್ಜನ ಕಾಲದಲ್ಲಿ ಸರ್ಕಾರಕ್ಕೆ ಲೆವಿ ಕಾಳು ಕೊಡಬೇಕಿತ್ತು. ಬೆಳೆದದ್ದರಲ್ಲಿ ಎತ್ತಿಕೊಂಡೇ ಹೋಗುತ್ತಿದ್ದರು ಅಂತ ಬೈಯುತ್ತಿದ್ದರು.

ಕೋಡ್_ಕುಮಾರ
ಎಸ್ಕಲೇಟ್ ಹೇಳಿ ಯಾರಾದರೂ, ಅದೇ ದೂರನ್ನು ಮೇಲಿನವರ ತನಕ ಒಯ್ಯುವುದು. ನನ್ನ ಜೀವನವೇ ಅದರಲ್ಲಿ ನಡೆಯುತ್ತಿದೆ.

ಮಿನಿಯಾಪೊಲಿಸ್_ಅಕ್ಕ
ಎಸ್ಕಲೇಟರ್ ಮೊದಲು ಬಂದದ್ದು, ಎಸ್ಕಲೇಟ್ ಆಮೇಲೆ. ಸೀಬರ್ಗರ್ ಅನ್ನುವವನು ಓಡುವ ಮೆಟ್ಟಿಲಿಗೆ ಇಟ್ಟ ಹೆಸರು, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜನ ಅದನ್ನು ಕಂಡರು. ಓಟಿಸ್ ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. ಎಲ್ಲರೂ ಎಲ್ಲ ಕಂಪನಿಯದನ್ನೂ ಹಾಗೇ ಕರೆಯತೊಡಗಿ 1950ರಲ್ಲಿ ಆ ಹಕ್ಕು ಹೋಯಿತು. ಯಂತ್ರದ ಹೆಸರಿನಿಂದ ಕ್ರಿಯಾಪದ ಕಿತ್ತುಕೊಂಡರು. ನಿಮ್ಮ ಮ್ಯಾನೇಜರ್ ಮೇಲ್ ಹಾಕುವುದಕ್ಕೆ ಮುಂಚೆ ಅದು ಮೆಟ್ಟಿಲು.

ಮೆಕ್ಯಾನಿಕ್_ಮಂಡ್ಯ
ನಮ್ಮ ಜೆಸಿಬಿ ಕಥೆಯೇ.

ಪೀಣ್ಯ_ಸ್ಟೋರ್ಸ್
ಮ್ಯಾಟರ್ ಕೊಟ್ಟುಬಿಟ್ಟೆ. ಇಂಗ್ಲಿಷಿನಲ್ಲಿ ಕರಾವಳಿ ಅಣ್ಣ ಹೇಳಿದ ವಾಕ್ಯ. ಕನ್ನಡದಲ್ಲಿ "ತೂಗುತ್ತಿರುವ ಲೋಡಿನ ಕೆಳಗೆ ನಿಲ್ಲಬೇಡಿ". ಹಿಂದಿಯಲ್ಲೂ ಒಂದು ಸಾಲು. ಕೊಕ್ಕೆ, ಪೆಟ್ಟಿಗೆ, ಕೆಳಗೆ ಮನುಷ್ಯ, ಅಡ್ಡಗೆರೆ ಇರುವ ಚಿತ್ರ ದೊಡ್ಡದಾಗಿ. ಎಚ್‌ಆರ್ ಮೇಡಂ ಮಾತ್ರ "ನನ್ನ ರೇಜ್ ಎಲ್ಲಿ" ಅಂತ ಕೇಳುತ್ತಿದ್ದಾರೆ.

ನಿರ್ಮಲಾ_ತುಮಕೂರು
ಅಪ್ರೈಸಲ್‌ನಲ್ಲಿ ಕೇಳಲಿಕ್ಕೆ ಹೇಳಿ.

ಮಿನಿಯಾಪೊಲಿಸ್_ಅಕ್ಕ
ವಿಷಯಾಂತರ, ಕ್ಷಮಿಸಿ. ಮೇಲೇಳುವ ಮಾತಾಡುವಾಗಲೇ ಕೇಳಿಬಿಡುತ್ತೇನೆ. ಚಳಿಗಾಲ ಶುರುವಾದರೆ ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟು ರೈಸೂ ಆಗುವುದಿಲ್ಲ, ರೇಜೂ ಆಗುವುದಿಲ್ಲ. ರುಬ್ಬಿಟ್ಟು ಮಾರನೇ ದಿನ ನೋಡಿದರೆ ಹೇಗಿತ್ತೋ ಹಾಗೇ.

ಲೀಡ್ಸ್_ಗೌಡ
ಓವನ್ ಒಳಗಿಟ್ಟು ಬರೀ ಲೈಟ್ ಹಾಕಿ ಅಕ್ಕಾ. ಓವನ್ ಆನ್ ಮಾಡಬೇಡಿ. ಉಪ್ಪು ಅಯೋಡಿನ್ ಇಲ್ಲದ್ದು ಹಾಕಿ ನೋಡಿ ಅಂತ ಕೆಲವರು ಹೇಳುತ್ತಾರೆ, ನನಗೆ ಅದರಿಂದ ಏನೂ ವ್ಯತ್ಯಾಸ ಕಂಡಿಲ್ಲ.

ಕುಂದಾಪ್ರ_ಭಟ್ರು
ಉದ್ದು ಎಷ್ಟು ಹಾಕುತ್ತೀರಿ ಮೊದಲು ಹೇಳಿ. ಮಿಕ್ಸಿಯಾ, ಗ್ರೈಂಡರಾ?

ಮಿನಿಯಾಪೊಲಿಸ್_ಅಕ್ಕ
ಮಿಕ್ಸಿ.

ಕುಂದಾಪ್ರ_ಭಟ್ರು
ಅಲ್ಲೇ ಇದೆ ನೋಡಿ. ಮಿಕ್ಸಿಯಲ್ಲಿ ಉದ್ದು ಬಿಸಿಯಾಗುತ್ತದೆ, ನೊರೆ ಬರುವುದಿಲ್ಲ. ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಪಾತ್ರೆ ಮಾತ್ರ ದೊಡ್ಡದಿರಲಿ, ಉಕ್ಕಿದರೆ ಓವನ್ ತೊಳೆಯುವುದು ಕಷ್ಟ.